ಕಾಂತೀಯ ಅನುರಣನ ಸಂಕೇತಗಳ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆ

ಪ್ರಬಲ ಕಾಂತಕ್ಷೇತ್ರದಲ್ಲಿಟ್ಟ ವಸ್ತುವಿನ ನ್ಯೂಕ್ಲಿಯಸ್‌ಗಳು ರೇಡಿಯೊ ಅಲೆಗೆ ಓಗೊಟ್ಟು ಹೊರಡಿಸುವ ಸಂಕೇತದಿಂದ ಆ ವಸ್ತುವಿನ ಬಗ್ಗೆ ಅಂಕಿಗಳನ್ನು ಪಡೆಯುವ, ಹಾಗೆ ಪಡೆದ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ತೂಗಿ ನೋಡುವ ಗಣಿತ ವಿಧಾನಗಳಿಗೆ ಒಟ್ಟಾಗಿ ಈ ಹೆಸರು. ರಸಾಯನಶಾಸ್ತ್ರದ ಪ್ರಯೋಗಾಲಯದ ಎನ್‌ಎಂಆರ್ ರೋಹಿತ, ಆಸ್ಪತ್ರೆಯ ಎಂಆರ್‌ಐ ಚಿತ್ರ, ಮಿದುಳಿನ ಚಟುವಟಿಕೆ ತೋರಿಸುವ ಬಣ್ಣದ ನಕ್ಷೆ ಈ ಮೂರೂ ಒಂದೇ ತೊರೆಯ ನೀರು. ಎಂಆರ್‌ಐ ಚಿತ್ರ ನೋಡಲು ಫೋಟೊದಂತಿರುತ್ತದೆ. ಆದರೆ ಅದರ ಪ್ರತಿಯೊಂದು ಚುಕ್ಕೆಯೂ ಲೆಕ್ಕ ಹಾಕಿ ತೆಗೆದ ಅಂದಾಜು, ಪ್ರತಿ ಅಂದಾಜಿನ ಸುತ್ತಲೂ ತಪ್ಪಿನ ಒಂದು ಅಂಚು ಇದೆ. ಚಿತ್ರದಲ್ಲಿ ಕಾಣದ ಆ ಅಂಚನ್ನು ಗುರುತಿಸುವುದು ಈ ಶಾಖೆಯ ಮುಖ್ಯ ಕೆಲಸ. ಅದಕ್ಕಾಗಿ ಸಂಕೇತಕ್ಕಿಂತ ಮೊದಲು ಅದರೊಂದಿಗೆ ಬೆರೆತು ಬರುವ ಗದ್ದಲವನ್ನು ಅರಿಯಬೇಕಾಗುತ್ತದೆ. ಈ ಕ್ಷೇತ್ರದ ದೊಡ್ಡ ಎಡವಟ್ಟುಗಳಲ್ಲಿ ಹಲವು ಗದ್ದಲದ ಗುಣವನ್ನು ತಪ್ಪಾಗಿ ತಿಳಿದದ್ದರಿಂದ ಆದವು.

ಸಂಕೇತ ಹುಟ್ಟುವ ಬಗೆ

1945-46ರ ಚಳಿಗಾಲದಲ್ಲಿ ಹಾರ್ವರ್ಡ್‌ನ ಎಡ್ವರ್ಡ್ ಪರ್ಸೆಲ್ ಮತ್ತು ಸಂಗಡಿಗರು ಪ್ಯಾರಾಫಿನ್ ಮೇಣದಲ್ಲಿ, ಸ್ಟ್ಯಾನ್‌ಫರ್ಡ್‌ನ ಫೆಲಿಕ್ಸ್ ಬ್ಲಾಕ್ ತಂಡದವರು ನೀರಿನಲ್ಲಿ, ಒಬ್ಬರಿಗೊಬ್ಬರು ತಿಳಿಯದಂತೆ ಈ ಸಂಕೇತವನ್ನು ಹಿಡಿದರು. 1952ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಸಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆಂಬುದನ್ನು 1951ರಲ್ಲೇ ಪ್ರಕಟಿಸಿದರು. ರಕ್ತದ ಹರಿವನ್ನು ಅಳೆಯುವ ಇಂದಿನ ಎಂಆರ್ ವಿಧಾನಗಳ ಚರಿತ್ರೆ ಬರೆಯುವವರು ಆ ಪುಟ್ಟ ಲೇಖನದವರೆಗೂ ಹಿಂದಕ್ಕೆ ಹೋಗುತ್ತಾರೆ.

1 ಟೆಸ್ಲಾ ಕಾಂತಕ್ಷೇತ್ರದಲ್ಲಿ ಜಲಜನಕದ ನ್ಯೂಕ್ಲಿಯಸ್, ಅಂದರೆ ಪ್ರೋಟಾನ್, ಸೆಕೆಂಡಿಗೆ 4.258 ಕೋಟಿ ಸುತ್ತು ಓಲಾಡುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಇದು ಸುಮಾರು 64 ಮೆಗಾಹರ್ಟ್ಸ್. ಪ್ರೋಟಾನ್‌ಗಳಲ್ಲಿ ಕೆಲವು ಕ್ಷೇತ್ರದ ದಿಕ್ಕಿಗೆ, ಕೆಲವು ಅದಕ್ಕೆದುರಾಗಿ ನಿಲ್ಲುತ್ತವೆ. ಎರಡು ಗುಂಪುಗಳ ಪರಿಣಾಮ ಪರಸ್ಪರ ವಜಾ ಆಗಿ, ಉಳಿದ ಹೆಚ್ಚುವರಿಯಷ್ಟೇ ಸಂಕೇತ ಕೊಡುತ್ತದೆ. ದೇಹದ ಉಷ್ಣತೆಯಲ್ಲಿ, 1.5 ಟೆಸ್ಲಾದಲ್ಲಿ, ಈ ಹೆಚ್ಚುವರಿ ಹತ್ತು ಲಕ್ಷಕ್ಕೆ ಐದರಷ್ಟು. ಉಳಿದವೆಲ್ಲ ಇದ್ದೂ ಇಲ್ಲದಂತೆ. ಸಂಕೇತ ಇಷ್ಟೊಂದು ಕ್ಷೀಣವಾಗಿರುವುದಕ್ಕೆ ಮೂಲ ಕಾರಣ ಇದೇ.

ರೇಡಿಯೊ ಮಿಡಿತ ಕೊಟ್ಟು ನಿಲ್ಲಿಸಿದ ಮೇಲೆ ವಸ್ತುವಿನ ಬಳಿಯಿಟ್ಟ ತಂತಿಯ ಸುರುಳಿಯಲ್ಲಿ ಕೇಳಿಬರುವುದನ್ನು ಎಫ್‌ಐಡಿ ಎನ್ನುತ್ತಾರೆ. ಗುಡಿಯಲ್ಲಿ ಸಾಲಾಗಿ ತೂಗುಹಾಕಿದ ಬೇರೆಬೇರೆ ಗಾತ್ರದ ಗಂಟೆಗಳನ್ನು ಒಮ್ಮೆಗೇ ಬಾರಿಸಿ ಬಿಟ್ಟರೆ ಹೇಗೆ ಹಲವು ನಾದಗಳು ಕಲೆತು, ಒಂದೊಂದೂ ತನ್ನದೇ ವೇಗದಲ್ಲಿ ಅಡಗುತ್ತದೋ ಹಾಗೆ. ಪ್ರತಿ ಗಂಟೆಗೂ ನಾಲ್ಕು ಅಂಕಿಗಳು: ಸ್ವರ ಅಥವಾ ಆವೃತ್ತಿ, ಗಟ್ಟಿತನ, ಅಡಗುವ ವೇಗ, ಮೊದಲ ಪೆಟ್ಟು ಬಿದ್ದಾಗಿನ ಫೇಸ್. ಸ್ವರ ಯಾವ ಅಣುವೆಂದು ಹೇಳುತ್ತದೆ, ಗಟ್ಟಿತನ ಎಷ್ಟಿದೆಯೆಂದು ಹೇಳುತ್ತದೆ. ಕಲೆತ ನಾದವನ್ನು ಬಿಡಿಸುವ ಕೆಲಸಕ್ಕೆ ಫೂರಿಯೆ ಪರಿವರ್ತನೆಯನ್ನು ತಂದವರು ರಿಚರ್ಡ್ ಅರ್ನ್ಸ್ಟ್ ಮತ್ತು ವೆಸ್ಟನ್ ಆಂಡರ್ಸನ್. ಅವರ ಲೇಖನ 1966ರದು. ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ ಕೂಲಿ ಮತ್ತು ಟೂಕಿ ಆ ಪರಿವರ್ತನೆಯನ್ನು ಕಂಪ್ಯೂಟರ್‌ನಲ್ಲಿ ಬೇಗ ಮಾಡುವ ಕ್ರಮವನ್ನು ಪ್ರಕಟಿಸಿದ್ದರು. ಅಲ್ಲಿಯವರೆಗೆ ಒಂದೊಂದೇ ಆವೃತ್ತಿಯನ್ನು ನಿಧಾನವಾಗಿ ಸವರಿಕೊಂಡು ಹೋಗುತ್ತಿದ್ದರು. ಈಗ ಎಲ್ಲವನ್ನೂ ಒಟ್ಟಿಗೆ ಕೇಳಿ, ಅದನ್ನೇ ಮತ್ತೆಮತ್ತೆ ಕೇಳಿ, ಸರಾಸರಿ ತೆಗೆಯುವುದು ಸಾಧ್ಯವಾಯಿತು. 1975ರಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ಅರ್ನ್ಸ್ಟ್ ಇದೇ ತತ್ತ್ವವನ್ನು ಚಿತ್ರಣಕ್ಕೆ ಒಗ್ಗಿಸಿದರು. ಇಂದಿನ ಎಂಆರ್‌ಐ ಯಂತ್ರಗಳು ಬಹುಮಟ್ಟಿಗೆ ಆ ದಾರಿಯಲ್ಲೇ ನಡೆಯುತ್ತವೆ. ಅನಿಲ್ ಕುಮಾರ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು.

ಗದ್ದಲ

ಗದ್ದಲ ಎಂದರೆ ಕಿವಿಗೆ ಕೇಳುವ ಯಂತ್ರದ ಟಕಟಕ ಸದ್ದಲ್ಲ. ಯಾವುದೇ ವಾಹಕದಲ್ಲಿ ವಿದ್ಯುದಂಶದ ಕಣಗಳು ಉಷ್ಣದಿಂದ ಕುದಿಯುತ್ತಿರುವಾಗ ಹುಟ್ಟುವ ವೋಲ್ಟೇಜಿನ ಏರಿಳಿತ ಅದು. ಬೆಲ್ ಪ್ರಯೋಗಾಲಯದ ಜಾನ್ಸನ್ 1928ರಲ್ಲಿ ಇದನ್ನು ಅಳೆದರು, ಅಲ್ಲಿಯವರೇ ಆದ ನೈಕ್ವಿಸ್ಟ್ ಅದಕ್ಕೆ ಸೂತ್ರ ಕೊಟ್ಟರು. ಎಂಆರ್‌ಐಯಲ್ಲಿ ಒಂದು ವಿಶೇಷವಿದೆ. ರೋಗಿಯ ದೇಹವೂ ಉಪ್ಪುನೀರಿನ ವಾಹಕವಾದ್ದರಿಂದ ಸಂಕೇತ ಕೊಡುವ ದೇಹವೇ ಗದ್ದಲವನ್ನೂ ಕೊಡುತ್ತದೆ. ಪ್ರಬಲ ಕ್ಷೇತ್ರದ ಯಂತ್ರಗಳಲ್ಲಿ ಗದ್ದಲದ ಬಹುಪಾಲು ಸುರುಳಿಯದಲ್ಲ, ದೇಹದ್ದು.

ಗ್ರಾಹಕ ಸಂಕೇತವನ್ನು ಎರಡು ಎಳೆಗಳಾಗಿ ದಾಖಲಿಸುತ್ತದೆ. ಗಣಿತದ ಮಾತಿನಲ್ಲಿ ಅವು ಒಂದು ಸಂಮಿಶ್ರ ಸಂಖ್ಯೆಯ ವಾಸ್ತವ ಮತ್ತು ಕಾಲ್ಪನಿಕ ಭಾಗಗಳು. ಎರಡೂ ಎಳೆಗಳಲ್ಲಿ ಗದ್ದಲ ಗಾಸ್ ಹಂಚಿಕೆಯದು: ಸರಾಸರಿ ಸೊನ್ನೆ, ಮಾನಕ ವಿಚಲನೆ ಒಂದೇ, ಒಂದಕ್ಕೊಂದು ಸಂಬಂಧವಿಲ್ಲ. ಫೂರಿಯೆ ಪರಿವರ್ತನೆ ಮಾಡಿದರೂ ಈ ಗುಣ ಕೆಡುವುದಿಲ್ಲ. ಇಂಥ ಗದ್ದಲಕ್ಕೆ ಸರಾಸರಿಯೇ ಮದ್ದು. 16 ಬಾರಿ ಅಳೆದು ಕೂಡಿಸಿದರೆ ಸಂಕೇತ 16 ಪಟ್ಟಾಗುತ್ತದೆ, ಗದ್ದಲ ಅದರ ವರ್ಗಮೂಲದಷ್ಟು, ಅಂದರೆ 4 ಪಟ್ಟು ಮಾತ್ರ ಏರುತ್ತದೆ. ಲಾಭ 4 ಪಟ್ಟು. ಈ ವರ್ಗಮೂಲದ ಲೆಕ್ಕ ಕಠಿಣವಾದದ್ದು. ಚಿತ್ರದ ಸ್ಪಷ್ಟತೆಯನ್ನು ಎರಡು ಪಟ್ಟು ಮಾಡಲು ಹೊರಟರೆ 5 ನಿಮಿಷದ ಸ್ಕ್ಯಾನ್ 20 ನಿಮಿಷವಾಗುತ್ತದೆ. ನೋವಿನಲ್ಲಿರುವ ರೋಗಿ ಅಷ್ಟು ಹೊತ್ತು ಅಲುಗಾಡದೆ ಮಲಗಲಾರ. ಹೆಚ್ಚು ಅಳೆಯುವ ಬದಲು ಅಳೆದದ್ದನ್ನು ಚೆನ್ನಾಗಿ ಓದುವ ವಿಧಾನಗಳು ಬೆಳೆದದ್ದು ಈ ಒತ್ತಡದಿಂದ.

ರೈಸ್ ಹಂಚಿಕೆ

ವೈದ್ಯರು ನೋಡುವ ಚಿತ್ರದಲ್ಲಿ ಎರಡು ಎಳೆಗಳಿಲ್ಲ. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದು ಒಂದೇ ಪ್ರಮಾಣಾಂಕ ಮಾಡಿರುತ್ತಾರೆ. ಫೇಸಿನ ತೊಡಕುಗಳಿಂದ ತಪ್ಪಿಸಿಕೊಳ್ಳಲು ಇದು ಅನುಕೂಲ. ಆದರೆ ಇಲ್ಲಿಯೇ ಗದ್ದಲದ ಗುಣ ಬದಲಾಗುತ್ತದೆ. ವರ್ಗ ಮಾಡಿದ ಮೇಲೆ ಋಣ ಸಂಖ್ಯೆ ಇರಲಾರದು. ಸೊನ್ನೆಯ ಆಚೀಚೆ ಸಮನಾಗಿ ತೂಗಾಡುತ್ತಿದ್ದ ಗದ್ದಲವೆಲ್ಲ ಧನದ ಕಡೆಗೇ ಬಂದು ಬೀಳುತ್ತದೆ. ಹೀಗೆ ಹುಟ್ಟುವ ಹಂಚಿಕೆಯನ್ನು ಬೆಲ್ ಪ್ರಯೋಗಾಲಯದ ಎಸ್. ಒ. ರೈಸ್ 1944-45ರಲ್ಲಿ, ದೂರಸಂಪರ್ಕದ ಸಮಸ್ಯೆಗಳಿಗಾಗಿ, ವಿವರಿಸಿದ್ದರು. ಎಂಆರ್ ಚಿತ್ರಗಳಲ್ಲಿ ಇದರ ಪರಿಣಾಮವನ್ನು ಹೆಂಕಲ್‌ಮನ್ 1985ರಲ್ಲಿ ಎತ್ತಿ ತೋರಿಸಿದರು. ಗುಡ್‌ಬ್ಯಾರ್ಟ್ಸನ್ ಮತ್ತು ಪ್ಯಾಟ್ಸ್ 1995ರಲ್ಲಿ ಬರೆದ ಚಿಕ್ಕ ಟಿಪ್ಪಣಿಯ ಮೂಲಕ ರೈಸ್ ಹೆಸರು ಈ ಕ್ಷೇತ್ರದ ದಿನಬಳಕೆಗೆ ಬಂತು.

ಅಂಕಿಗಳಲ್ಲಿ ನೋಡಿದರೆ ವಿಷಯ ಮನದಟ್ಟಾಗುತ್ತದೆ. ಪ್ರತಿ ಎಳೆಯಲ್ಲೂ ಗದ್ದಲದ ಮಾನಕ ವಿಚಲನೆ 10 ಎಂದುಕೊಳ್ಳಿ. ತಲೆಯ ಹೊರಗಿನ ಗಾಳಿಯಲ್ಲಿ ನಿಜವಾದ ಸಂಕೇತ ಸೊನ್ನೆ. ಆದರೂ ಚಿತ್ರದಲ್ಲಿ ಅಲ್ಲಿನ ಚುಕ್ಕೆಗಳ ಸರಾಸರಿ ಸುಮಾರು 12.5 ಬರುತ್ತದೆ. ನಿಜ ಸಂಕೇತ 10 ಇರುವ ಕಡೆ ಸರಾಸರಿ 15.5 ಓದುತ್ತದೆ. 30 ಇರುವ ಕಡೆ 31.7. ಸಂಕೇತ ಬಲವಾಗಿದ್ದಲ್ಲಿ ತಪ್ಪು ಕರಗಿಹೋಗುತ್ತದೆ, ಕ್ಷೀಣವಾಗಿದ್ದಲ್ಲಿ ಅರ್ಧಕ್ಕರ್ಧ ಸೇರಿಕೊಳ್ಳುತ್ತದೆ. ಇಂಥ ಚಿತ್ರಗಳನ್ನು ಸಾವಿರ ಬಾರಿ ತೆಗೆದು ಸರಾಸರಿ ಮಾಡಿದರೂ 15.5 ಎಂಬುದು 10ಕ್ಕೆ ಇಳಿಯುವುದಿಲ್ಲ, 15.5 ಎಂದೇ ಇನ್ನಷ್ಟು ನಿಖರವಾಗಿ ನಿಲ್ಲುತ್ತದೆ. ಸರಾಸರಿ ಮಾಡುವುದಿದ್ದರೆ ಪ್ರಮಾಣಾಂಕ ತೆಗೆಯುವ ಮೊದಲು, ಎರಡು ಎಳೆಗಳಿರುವಾಗಲೇ ಮಾಡಬೇಕು.

ತಿದ್ದುವ ದಾರಿಗಳಿವೆ. ಪ್ರಮಾಣಾಂಕದ ವರ್ಗದ ಸರಾಸರಿ ನಿಜ ಸಂಕೇತದ ವರ್ಗಕ್ಕಿಂತ ಗದ್ದಲದ ವಿಚಲನೆಯ ವರ್ಗದ ಎರಡರಷ್ಟು ಹೆಚ್ಚಿರುತ್ತದೆ, ಅಷ್ಟನ್ನು ಕಳೆಯುವುದು ಸರಳ ಉಪಾಯ. ರೈಸ್ ಹಂಚಿಕೆಯನ್ನೇ ಹಿಡಿದು, ಬಂದ ಅಂಕಿಗಳು ಯಾವ ನಿಜ ಬೆಲೆಗೆ ಅತಿ ಸಂಭವನೀಯವೆಂದು ಹುಡುಕುವ ಗರಿಷ್ಠ ಸಂಭವನೀಯತೆಯ ವಿಧಾನವನ್ನು ಯಾನ್ ಸೈಬರ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೆಳೆಸಿದರು. ಕೋಯ್ ಮತ್ತು ಬ್ಯಾಸರ್ ಅವರ 2006ರ ಕ್ರಮವೂ ಬಳಕೆಯಲ್ಲಿದೆ. ಹಲವು ಸುರುಳಿಗಳ ಸಂಕೇತವನ್ನು ವರ್ಗಗಳ ಮೊತ್ತವಾಗಿ ಕೂಡಿಸುವ ಯಂತ್ರಗಳಲ್ಲಿ ರೈಸ್ ಸಾಲದು. ಅಲ್ಲಿ ಅಕೇಂದ್ರೀಯ ಕೈ (χ) ಹಂಚಿಕೆ ಬೇಕು, ಸುರುಳಿಗಳು ಹೆಚ್ಚಿದಂತೆ ಗದ್ದಲದ ತಳವೂ ಮೇಲೇರುತ್ತದೆ.

ರೋಹಿತದಿಂದ ಪ್ರಮಾಣಕ್ಕೆ

ಮಿದುಳಿನ ಒಂದು ಭಾಗದ ಎಂಆರ್ ರೋಹಿತದಲ್ಲಿ ಎನ್‌ಎಎ ಎಂಬ ಅಣುವಿನ ಶಿಖರ 2.01 ಪಿಪಿಎಂ (ಆವೃತ್ತಿಯ ವ್ಯತ್ಯಾಸವನ್ನು ಹತ್ತು ಲಕ್ಷಕ್ಕೆ ಇಷ್ಟೆಂದು ಹೇಳುವ ಅಳತೆ) ಸ್ಥಾನದಲ್ಲಿ, ಕ್ರಿಯಾಟಿನ್ 3.03ರಲ್ಲಿ, ಕೋಲಿನ್ 3.2ರಲ್ಲಿ, ಲ್ಯಾಕ್ಟೇಟ್ ಇದ್ದರೆ 1.33ರಲ್ಲಿ ಕಾಣುತ್ತದೆ. ಇವುಗಳ ಪ್ರಮಾಣ ಲೀಟರಿಗೆ ಕೆಲವು ಮಿಲಿಮೋಲ್ ಮಾತ್ರ. ಪಕ್ಕದಲ್ಲೇ ನೀರಿನ ಸಂಕೇತ ಇವಕ್ಕಿಂತ ಸಾವಿರಾರು ಪಟ್ಟು ದೊಡ್ಡದಾಗಿ ನಿಂತಿರುತ್ತದೆ. ಗ್ಲುಟಮೇಟ್ ಮತ್ತು ಗ್ಲುಟಮಿನ್ ಒಂದರ ಮೈಮೇಲೊಂದು ಬಿದ್ದಿರುತ್ತವೆ. ಗಾಬಾ ಎಂಬ ನರವಾಹಕದ ಒಂದು ಶಿಖರ ಕ್ರಿಯಾಟಿನ್ನಿನ ಅಡಿಯಲ್ಲೇ ಅಡಗಿದೆ. ಶಿಖರದ ಕೆಳಗಿನ ವಿಸ್ತೀರ್ಣ ಅಳೆದರೆ ಪ್ರಮಾಣ ಸಿಗುತ್ತದೆಂಬುದು ಪುಸ್ತಕದ ಮಾತು. ಹೀಗೆ ಹೆಣೆದುಕೊಂಡ ಕಡೆ ವಿಸ್ತೀರ್ಣ ಯಾರದೆಂದು ಹೇಳುವುದೇ ಕಷ್ಟ.

ಅಡಗುತ್ತ ಹೋಗುವ ನಾದಗಳ ಮೊತ್ತವನ್ನು ಬಿಡಿಸುವ ಬೀಜಗಣಿತವನ್ನು ಫ್ರಾನ್ಸಿನ ಗ್ಯಾಸ್ಪಾರ್ ದ ಪ್ರೋನಿ 1795ರಲ್ಲೇ ಕೊಟ್ಟಿದ್ದ. ಅವನ ಲೆಕ್ಕ ಗದ್ದಲವಿಲ್ಲದಿದ್ದರೆ ಚೆನ್ನ, ಗದ್ದಲ ಬಂದರೆ ಕುಸಿಯುತ್ತದೆ. 1980ರ ದಶಕದಲ್ಲಿ ಕುಮಾರೇಶನ್ ಮತ್ತು ಟಫ್ಟ್ಸ್, ಅವರ ಬೆನ್ನಿಗೆ ನೆದರ್ಲೆಂಡ್ಸಿನ ಡೆಲ್ಫ್ಟ್ ತಂಡ, ಸಂಕೇತವನ್ನು ಮಾತೃಕೆಯಾಗಿ ಜೋಡಿಸಿ ಅದರ ಬಲವಾದ ಘಟಕಗಳನ್ನಷ್ಟೇ ಉಳಿಸಿಕೊಂಡು ಈ ದೌರ್ಬಲ್ಯವನ್ನು ತಗ್ಗಿಸಿದರು. ಎಚ್‌ಎಸ್‌ವಿಡಿ ಎಂಬ ಆ ಕ್ರಮ ನೀರಿನ ದೊಡ್ಡ ಶಿಖರವನ್ನು ಗಣಿತದಲ್ಲೇ ಕಳೆದುಹಾಕಲು ಇಂದಿಗೂ ಒದಗುತ್ತದೆ. ಗೋಲಬ್ ಮತ್ತು ಪೆರೇರಾ 1973ರಲ್ಲಿ ರೂಪಿಸಿದ ವಾರ್ಪ್ರೊ, 1997ರ ಅಮಾರೆಸ್ ಇವೆರಡೂ ಕನಿಷ್ಠ ವರ್ಗಗಳ ವಿಧಾನದವು. ಅಮಾರೆಸ್‌ನಲ್ಲಿ ಮೊದಲೇ ತಿಳಿದ ಸಂಗತಿಗಳನ್ನು, ಉದಾಹರಣೆಗೆ ಲ್ಯಾಕ್ಟೇಟಿನ ಎರಡು ಕವಲುಗಳ ನಡುವಿನ ಅಂತರವನ್ನು, ಕಟ್ಟಳೆಯಾಗಿ ಹೇರಬಹುದು. ಸ್ಟೀಫನ್ ಪ್ರೊವೆಂಚರ್ 1993ರಲ್ಲಿ ಪ್ರಕಟಿಸಿದ ಎಲ್‌ಸಿಮಾಡೆಲ್ ಇನ್ನೂ ಮುಂದೆ ಹೋಯಿತು. ಬಿಡಿ ಶಿಖರಗಳ ಬದಲು ಪ್ರತಿ ಅಣುವಿನ ಇಡೀ ರೋಹಿತವನ್ನು ಪ್ರಯೋಗಾಲಯದಲ್ಲಿ ದಾಖಲಿಸಿಟ್ಟು, ಯಾವುದು ಎಷ್ಟೆಷ್ಟು ಬೆರೆತರೆ ರೋಗಿಯ ರೋಹಿತ ಬರುತ್ತದೆಂದು ಅದು ಹುಡುಕುತ್ತದೆ. ಅನುಭವಿ ಅಡುಗೆಯವರು ಸಾರನ್ನು ನಾಲಿಗೆಗಿಟ್ಟು ಧನಿಯ ಎಷ್ಟು, ಮೆಂತ್ಯ ಎಷ್ಟು ಎಂದು ಹೇಳುವ ಬಗೆ ಇದು. ಮಸಾಲೆಗಳ ರುಚಿ ಬೇರೆಬೇರೆಯಾಗಿ ಗೊತ್ತಿದ್ದವರಿಗಷ್ಟೇ ಆ ಲೆಕ್ಕ ಸಿಗುತ್ತದೆ. ಬೇಸಿಯನ್ ದಾರಿಯಲ್ಲಿ ಲ್ಯಾರಿ ಬ್ರೆಟ್‌ಹಾರ್ಸ್ಟ್ 1988ರ ತಮ್ಮ ಪುಸ್ತಕದಲ್ಲಿ ಒಂದೇ ಉತ್ತರದ ಬದಲು ಎಲ್ಲ ಸಾಧ್ಯ ಉತ್ತರಗಳ ಸಂಭಾವ್ಯತೆಯನ್ನು ಲೆಕ್ಕಹಾಕುವ ಕ್ರಮ ಕೊಟ್ಟರು.

ಕ್ರಮೇರ್-ರಾವ್ ಮಿತಿ

ಈ ಕ್ಷೇತ್ರದ ಅತಿ ಬಳಕೆಯ ಸೂತ್ರವೊಂದರ ಕರ್ತೃ ಹುಟ್ಟಿದ್ದು ಕನ್ನಡ ನೆಲದಲ್ಲಿ. ಸಿ. ಆರ್. ರಾವ್ 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯ ತೆಲುಗು ಮನೆಯೊಂದರಲ್ಲಿ ಹುಟ್ಟಿದರು. ಅಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ಊರು ಇಂದು ವಿಜಯನಗರ ಜಿಲ್ಲೆಯಲ್ಲಿದೆ. ಕಲ್ಕತ್ತದಲ್ಲಿ ಪಾಠ ಮಾಡುತ್ತಿದ್ದಾಗ, ದೊಡ್ಡ ಮಾದರಿಗಳಿಗೆ ಸಂಖ್ಯಾಶಾಸ್ತ್ರಜ್ಞ ಫಿಶರ್ ಕೊಟ್ಟ ಫಲಿತಾಂಶ ಚಿಕ್ಕ ಮಾದರಿಗಳಿಗೂ ಏಕೆ ಇರಬಾರದೆಂದು ತರಗತಿಯಲ್ಲಿ ಪ್ರಶ್ನೆ ಬಂತು. ಕೇಳಿದವರು ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ. ಎಂ. ದಾಂಡೇಕರ್. ರಾವ್ ಅದರ ಸಾಧನೆಯನ್ನು ಮನೆಯಲ್ಲಿ ಕುಳಿತು ಮಾಡಿಕೊಂಡು ಬಂದರು. 1945ರಲ್ಲಿ ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಸ್ವೀಡನ್ನಿನ ಹರಾಲ್ಡ್ ಕ್ರಮೇರ್ ಸ್ವತಂತ್ರವಾಗಿ ಅದೇ ಫಲಿತಾಂಶವನ್ನು 1946ರಲ್ಲಿ ಪ್ರಕಟಿಸಿದ್ದರಿಂದ ಇಬ್ಬರ ಹೆಸರೂ ಅಂಟಿಕೊಂಡಿತು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ರಾವ್ ಅದೇ ವರ್ಷ ಆಗಸ್ಟ್‌ನಲ್ಲಿ, 102ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಮಿತಿ ಹೇಳುವುದು ಇಷ್ಟು: ಗದ್ದಲ ಇಂಥದ್ದು, ಸಂಕೇತದ ರೂಪ ಇಂಥದ್ದು ಎಂದು ಗೊತ್ತಿದ್ದರೆ, ಪಕ್ಷಪಾತವಿಲ್ಲದ ಯಾವ ವಿಧಾನವೂ ಇದಕ್ಕಿಂತ ಕಡಿಮೆ ತಪ್ಪಿನಿಂದ ಅಂದಾಜು ಮಾಡಲಾರದು. ವಿಧಾನ ಎಷ್ಟೇ ಜಾಣತನದ್ದಾಗಲಿ, ಆ ಗೆರೆ ದಾಟಲಾಗದು. ಎರಡು ಶಿಖರಗಳು ಹತ್ತಿರವಾದಷ್ಟೂ ಒಂದೊಂದರ ಮಿತಿ ಮೇಲೇರುತ್ತದೆ, ಎರಡರ ಮೊತ್ತದ ಮಿತಿ ಕೆಳಗೇ ಉಳಿಯುತ್ತದೆ. ಗ್ಲುಟಮೇಟ್ ಮತ್ತು ಗ್ಲುಟಮಿನ್‌ಗಳನ್ನು ಸೇರಿಸಿ ಒಂದೇ ಅಂಕಿಯಾಗಿ ವರದಿ ಮಾಡುವ ವಾಡಿಕೆ ಬಂದದ್ದು ಇದರಿಂದ.

ಎಲ್‌ಸಿಮಾಡೆಲ್ ಪ್ರತಿ ಅಣುವಿನ ಎದುರು ಈ ಮಿತಿಯನ್ನು ಶೇಕಡಾವಾರು ಮುದ್ರಿಸುತ್ತದೆ. ಶೇ. 20ಕ್ಕಿಂತ ಹೆಚ್ಚಿದ್ದರೆ ಆ ಅಂಕಿಯನ್ನು ಕೈಬಿಡುವುದು ಸಂಶೋಧಕರಲ್ಲಿ ರೂಢಿಯಾಯಿತು. ಮೇಲುನೋಟಕ್ಕೆ ಎಚ್ಚರದ ಕ್ರಮ. ಆದರೆ ರೋಲಾಂಡ್ ಕ್ರೈಸ್ 2016ರಲ್ಲಿ ಇದರೊಳಗಿನ ಹುಳುಕನ್ನು ಬಿಡಿಸಿ ತೋರಿಸಿದರು. ತಪ್ಪಿನ ಮಿತಿ 0.8 ಮಿಲಿಮೋಲ್ ಎಂದುಕೊಳ್ಳೋಣ. ಆರೋಗ್ಯವಂತನಲ್ಲಿ ಆ ಅಣು 8 ಮಿಲಿಮೋಲ್ ಇದ್ದರೆ ಶೇಕಡಾವಾರು ಮಿತಿ 10, ಉಳಿದುಕೊಳ್ಳುತ್ತದೆ. ರೋಗಿಯಲ್ಲಿ ಅದು 2ಕ್ಕೆ ಇಳಿದಿದ್ದರೆ ಅದೇ 0.8 ಈಗ ಶೇ. 40, ಅಂಕಿ ಕಸದ ಬುಟ್ಟಿಗೆ. ರೋಗದಿಂದ ಅಣು ಯಾರಲ್ಲಿ ನಿಜಕ್ಕೂ ಕುಸಿದಿದೆಯೋ ಅವರೇ ಅಧ್ಯಯನದಿಂದ ಹೊರಬೀಳುತ್ತಾರೆ. ಹುಡುಕುತ್ತಿದ್ದ ಸಂಗತಿಯನ್ನು ಶೋಧನೆಯ ಜರಡಿಯೇ ತೆಗೆದುಹಾಕುತ್ತದೆ. ಗುಣಮಟ್ಟದ ಹೆಸರಿನಲ್ಲಿ ನಡೆಯುವ ಈ ಪಕ್ಷಪಾತ ಕೆಟ್ಟ ಅಳತೆಗಿಂತ ಹೆಚ್ಚು ಹಾನಿ ಮಾಡಬಲ್ಲದು.

ಇಳಿಕೆಯ ರೇಖೆಗಳು

ಮಿಡಿತದ ನಂತರ ನ್ಯೂಕ್ಲಿಯಸ್‌ಗಳು ಮೊದಲಿನ ಸ್ಥಿತಿಗೆ ಮರಳುವ ಕಾಲವನ್ನು ಟಿ1 ಎಂದೂ, ಅವುಗಳ ಓಲಾಟದ ಹೊಂದಾಣಿಕೆ ಚದುರುವ ಕಾಲವನ್ನು ಟಿ2 ಎಂದೂ ಕರೆಯುತ್ತಾರೆ. ಒಂದೇ ಇಳಿಕೆ ಇದ್ದರೆ ಅಂದಾಜು ಸುಲಭ. ಹಲವು ಇಳಿಕೆಗಳು ಬೆರೆತಿದ್ದರೆ ಸಮಸ್ಯೆ ತೀರ ನಾಜೂಕು. ಲಾಂಕ್ಜೋಸ್ 1956ರ ತಮ್ಮ ಪುಸ್ತಕದಲ್ಲಿ ಮೂರು ಘಾತೀಯ ಇಳಿಕೆಗಳ ಮೊತ್ತವನ್ನು ಎರಡು ದಶಮಾಂಶಕ್ಕೆ ಬರೆದು, ಎರಡೇ ಇಳಿಕೆಗಳಿಂದಲೂ ಅದೇ ಅಂಕಿಗಳನ್ನು ಪಡೆಯಬಹುದೆಂದು ತೋರಿಸಿದ್ದರು. ನೋಡಿದ ಅಂಕಿಗಳಷ್ಟರಿಂದ ಎರಡೋ ಮೂರೋ ಎಂದು ತೀರ್ಪು ಕೊಡಲಾಗದು. ಅದಕ್ಕೇ ಹೆಚ್ಚುವರಿ ನಿಬಂಧನೆ ಹಾಕುತ್ತಾರೆ: ಪ್ರಮಾಣಗಳು ಋಣವಾಗಬಾರದು, ಹರವು ನಯವಾಗಿರಬೇಕು. ಲಾಸನ್ ಮತ್ತು ಹ್ಯಾನ್ಸನ್ ಅವರ ಋಣರಹಿತ ಕನಿಷ್ಠ ವರ್ಗಗಳ ಕ್ರಮವನ್ನು ವಿಟ್ಟಲ್ ಮತ್ತು ಮೆಕೇ 1989ರಲ್ಲಿ ಎನ್‌ಎಂಆರ್‌ಗೆ ತಂದರು. ನರತಂತುಗಳ ಮಯಲಿನ್ ಹೊದಿಕೆಯೊಳಗೆ ಸಿಕ್ಕಿಕೊಂಡ ನೀರನ್ನು, ಅದರ ಟಿ2 ಚಿಕ್ಕದೆಂಬ ಕಾರಣದಿಂದ, ಬೇರೆಯಾಗಿ ಗುರುತಿಸುವ ವಿಧಾನ 1994ರಲ್ಲಿ ಇದರಿಂದ ಬೆಳೆಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಧ್ಯಯನದಲ್ಲಿ ಅದಕ್ಕೆ ಬೆಲೆ ಇದೆ. ನಯಗೊಳಿಸುವ ನಿಬಂಧನೆ ಎಷ್ಟು ಬಿಗಿ ಎಂಬುದು ಮಾತ್ರ ವಿಶ್ಲೇಷಕರ ಕೈಯಲ್ಲಿದೆ. ಆ ಆಯ್ಕೆಯನ್ನು ವರದಿಯಲ್ಲಿ ಹೇಳದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ.

ವಿಸರಣೆ

ನೀರಿನ ಅಣುಗಳ ಅಲೆದಾಟವನ್ನು ಅಳೆಯುವ ಮಿಡಿತಕ್ರಮ ಸ್ಟೇಸ್ಕಲ್ ಮತ್ತು ಟ್ಯಾನರ್ ಅವರದು, 1965ರದು. ಅಲೆದಾಟಕ್ಕೆ ಸಂಕೇತ ಎಷ್ಟು ಸ್ಪಂದಿಸಬೇಕೆಂದು ನಿಗದಿ ಮಾಡುವ ಬಿ-ಮೌಲ್ಯವನ್ನು ಹೆಚ್ಚಿಸಿದಂತೆ ಸಂಕೇತ ಘಾತೀಯವಾಗಿ ಇಳಿಯುತ್ತದೆ, ಇಳಿಕೆಯ ವೇಗವೇ ವಿಸರಣಾಂಕ. ಪೀಟರ್ ಬ್ಯಾಸರ್, ಮಟಿಯೆಲ್ಲೊ, ಲ ಬಿಹಾನ್ 1994ರಲ್ಲಿ ಇದನ್ನು ಮೂರು ಆಯಾಮಗಳ ಟೆನ್ಸರ್ ಆಗಿ ಬರೆದರು. ಕನಿಷ್ಠ 6 ದಿಕ್ಕುಗಳಲ್ಲಿ ಮತ್ತು ಬಿ-ಮೌಲ್ಯ ಸೊನ್ನೆಯಿರುವಾಗ ಒಮ್ಮೆ ಅಳೆದರೆ ನರತಂತುಗಳು ಹಾಯುವ ದಿಕ್ಕು ಸಿಗುತ್ತದೆ.

ಮೇಲೆ ಹೇಳಿದ ರೈಸ್ ಹಂಚಿಕೆ ಇಲ್ಲಿ ಕಾಲಿಗೆ ತೊಡರುತ್ತದೆ. ನಿಜ ವಿಸರಣಾಂಕ ಸೆಕೆಂಡಿಗೆ 0.001 ಚದರ ಮಿಲಿಮೀಟರ್ ಎಂದಿರಲಿ. ಬಿ-ಮೌಲ್ಯ ಸೊನ್ನೆಯಲ್ಲಿ ಸಂಕೇತ ಗದ್ದಲದ 20 ಪಟ್ಟು. ಬಿ-ಮೌಲ್ಯ 3000 ಆದಾಗ ಸಂಕೇತ ಗದ್ದಲದ ಒಂದು ಪಟ್ಟಿಗೆ ಇಳಿದಿರುತ್ತದೆ. ಚಿತ್ರ ಮಾತ್ರ ಅದನ್ನು ಸರಾಸರಿ 1.55 ಎಂದು ತೋರಿಸುತ್ತದೆ. ಈ ಎರಡು ಬಿಂದುಗಳಿಂದ ಲೆಕ್ಕ ಹಾಕಿದರೆ ವಿಸರಣಾಂಕ ಸುಮಾರು 0.00085 ಬರುತ್ತದೆ, ಅಂದರೆ ಶೇ. 15ರಷ್ಟು ಕಡಿಮೆ. ರೋಗದಿಂದಾದ ಬದಲಾವಣೆ ಎಂದು ಯಾರಾದರೂ ನಂಬಿಬಿಡಬಹುದಾದಷ್ಟು ದೊಡ್ಡ ವ್ಯತ್ಯಾಸ ಅದು, ಕೇವಲ ಗದ್ದಲದಿಂದ ಹುಟ್ಟಿದ್ದು. ಗದ್ದಲದ ಇನ್ನೊಂದು ಕೈಚಳಕವನ್ನು ಪಿಯೆರ್ಪವೋಲಿ ಮತ್ತು ಬ್ಯಾಸರ್ 1996ರಲ್ಲಿ ತೋರಿಸಿದರು. ಎಲ್ಲ ದಿಕ್ಕಿಗೂ ಸಮನಾಗಿ ವಿಸರಿಸುವ ಕಡೆಯೂ ಗದ್ದಲದಿಂದಾಗಿ ದಿಕ್ಕಿನ ಒಲವು ಇದ್ದಂತೆ ಕಾಣುತ್ತದೆ. ರೋಗಿ ಸ್ಕ್ಯಾನಿನ ನಡುವೆ ಅಲುಗಿದರೆ ಕೆಲವು ಅಳತೆಗಳು ಪೂರ್ತಿ ಕೆಟ್ಟಿರುತ್ತವೆ, ಅವನ್ನು ಗುರುತಿಸಿ ಬದಿಗಿಡುವ ರೆಸ್ಟೋರ್ ಎಂಬ ದೃಢ ಅಂದಾಜಿನ ಕ್ರಮ 2005ರಲ್ಲಿ ಬಂತು.

ಕ್ರಿಯಾತ್ಮಕ ಎಂಆರ್‌ಐ

ಸೇಜಿ ಒಗಾವಾ 1990ರಲ್ಲಿ ವಿವರಿಸಿದ ಬೋಲ್ಡ್ ಪರಿಣಾಮದಂತೆ, ರಕ್ತದ ಆಮ್ಲಜನಕದ ಮಟ್ಟ ಬದಲಾದರೆ ಎಂಆರ್ ಸಂಕೇತವೂ ತುಸು ಬದಲಾಗುತ್ತದೆ. ಮಿದುಳಿನ ಒಂದು ಭಾಗ ಕೆಲಸಕ್ಕಿಳಿದು ಐದಾರು ಸೆಕೆಂಡಿನ ನಂತರ ಸಂಕೇತ ಶೇಕಡಾ ಒಂದೆರಡರಷ್ಟು ಏರಿ ಇಳಿಯುತ್ತದೆ. ಅಷ್ಟೇ ಏರಿಳಿತವನ್ನು ಉಸಿರು, ನಾಡಿ, ತಲೆಯ ಅಲುಗಾಟ ಕೂಡ ಉಂಟುಮಾಡುತ್ತವೆ. ಇಂಥ ಗದ್ದಲ ಸಂಕೇತದ ಜೊತೆಗೇ ಬೆಳೆಯುವುದರಿಂದ ಪ್ರಬಲ ಯಂತ್ರ ತಂದರೂ ಬಿಡುವುದಿಲ್ಲ.

ಕಾರ್ಲ್ ಫ್ರಿಸ್ಟನ್ ಮತ್ತು ಸಹೋದ್ಯೋಗಿಗಳು 1990ರ ದಶಕದ ನಡುವೆ ನೆಲೆಗೊಳಿಸಿದ ಕ್ರಮದಲ್ಲಿ ಮಿದುಳಿನ ಪ್ರತಿ ಘನಚುಕ್ಕೆಯ, ಅಂದರೆ ವಾಕ್ಸೆಲಿನ, ಕಾಲಸರಣಿಗೆ ಒಂದೊಂದು ರೇಖೀಯ ಮಾದರಿ ಹೊಂದಿಸುತ್ತಾರೆ. ಸ್ಕ್ಯಾನರಿನಲ್ಲಿ ಮಲಗಿದವರಿಗೆ ಚಿತ್ರ ತೋರಿಸಿದ ಹೊತ್ತುಗಳಿಂದ ನಿರೀಕ್ಷಿತ ಏರಿಳಿತ ಕಟ್ಟಿ, ಅದು ದತ್ತಾಂಶಕ್ಕೆ ಎಷ್ಟು ಹೊಂದುತ್ತದೆಂದು ಪರೀಕ್ಷಿಸುತ್ತಾರೆ. ಒಂದು ಅಳತೆಯ ಗದ್ದಲ ಮುಂದಿನದಕ್ಕೂ ಚಾಚಿಕೊಳ್ಳುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಪ್ರತಿ ಪರೀಕ್ಷೆಯೂ ಸುಳ್ಳು ಧೈರ್ಯ ಕೊಡುತ್ತದೆ.

ದೊಡ್ಡ ತೊಡಕು ಪರೀಕ್ಷೆಗಳ ಸಂಖ್ಯೆಯದು. ಒಂದು ಲಕ್ಷ ವಾಕ್ಸೆಲುಗಳಲ್ಲಿ ಶೇ. 5ರ ಮಟ್ಟದಲ್ಲಿ ಪರೀಕ್ಷಿಸಿದರೆ, ಏನೂ ನಡೆಯದಿದ್ದಾಗಲೂ ಸುಮಾರು 5000 ವಾಕ್ಸೆಲುಗಳು ಬೆಳಗುತ್ತವೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಭಾವಚಿತ್ರಗಳನ್ನು ತೋರಿಸಿ, ಆ ವ್ಯಕ್ತಿಗಳ ಮನಸ್ಥಿತಿ ಏನೆಂದು ಕೇಳಿದರು. ತಿದ್ದುಪಡಿ ಇಲ್ಲದೆ ಸಾವಿರಕ್ಕೊಂದರ ಮಟ್ಟದಲ್ಲಿ ಪರೀಕ್ಷಿಸಿದಾಗ 8064 ವಾಕ್ಸೆಲುಗಳಲ್ಲಿ 16 ‘ಸಕ್ರಿಯ’ವಾಗಿದ್ದವು. ಬರೀ ಆಕಸ್ಮಿಕದಿಂದಲೇ ಎಂಟರಷ್ಟು ಬರಬೇಕಾದ ಲೆಕ್ಕ ಅದು. ಬಹುಪರೀಕ್ಷೆಗೆ ತಿದ್ದುಪಡಿ ಮಾಡಿದಾಗ ಒಂದೂ ಉಳಿಯಲಿಲ್ಲ. ಪ್ರಯೋಗ ನಗೆ ತರಿಸಿತು, 2012ರಲ್ಲಿ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. ಆ ಮೀನು ಕಲಿಸಿದ ಪಾಠ ಮಾತ್ರ ಗಂಭೀರವಾದದ್ದು, ಆಗಿನ ಹಲವು ಪ್ರಕಟಣೆಗಳು ತಿದ್ದುಪಡಿಯಿಲ್ಲದೆಯೇ ಬರುತ್ತಿದ್ದವು.

ತಿದ್ದುಪಡಿಯ ದಾರಿಗಳು ಹಲವು. ಕೀತ್ ವರ್ಸ್ಲಿ 1992ರಲ್ಲಿ ತಂದ ಯಾದೃಚ್ಛಿಕ ಕ್ಷೇತ್ರಗಳ ಸಿದ್ಧಾಂತ ನೆರೆಹೊರೆಯ ವಾಕ್ಸೆಲುಗಳು ಪರಸ್ಪರ ಹೋಲುತ್ತವೆಂಬುದನ್ನು ಬಳಸಿಕೊಳ್ಳುತ್ತದೆ. ಬೆಂಜಮಿನಿ ಮತ್ತು ಹಾಕ್ಬರ್ಗ್ 1995ರಲ್ಲಿ ಮಂಡಿಸಿದ ಸುಳ್ಳು ಶೋಧದ ದರವನ್ನು ಜಿನೊವೀಸ್, ಲಾಜರ್, ನಿಕೋಲ್ಸ್ 2002ರಲ್ಲಿ ಮಿದುಳಿನ ನಕ್ಷೆಗೆ ಒಗ್ಗಿಸಿದರು. ಗುಂಪುಗಳ ಚೀಟಿಗಳನ್ನು ಕಲಸಿ ಸಾವಿರಾರು ಬಾರಿ ಲೆಕ್ಕ ಮಾಡುವ ಕ್ರಮಪಲ್ಲಟ ಪರೀಕ್ಷೆ ಇವುಗಳಲ್ಲಿ ಕಡಿಮೆ ಊಹೆಗಳನ್ನು ಬೇಡುತ್ತದೆ. ಇದರ ಬೆಲೆ ಗೊತ್ತಾದದ್ದು 2016ರಲ್ಲಿ. ಎಕ್‌ಲಂಡ್, ನಿಕೋಲ್ಸ್, ಕ್ನುಟ್ಸನ್ ಮೂವರೂ ಸುಮ್ಮನೆ ವಿಶ್ರಾಂತಿಯಲ್ಲಿದ್ದ 499 ಆರೋಗ್ಯವಂತರ ದತ್ತಾಂಶವನ್ನು ಮನಬಂದಂತೆ ಗುಂಪುಗಳಾಗಿ ಹಂಚಿ, ಇಲ್ಲದ ವ್ಯತ್ಯಾಸವನ್ನು ಹುಡುಕಿದರು. ಹೀಗೆ ಸುಮಾರು 30 ಲಕ್ಷ ವಿಶ್ಲೇಷಣೆ. ಬಳಕೆಯಲ್ಲಿದ್ದ ತಂತ್ರಾಂಶಗಳು ವಾಕ್ಸೆಲ್ ಗುಂಪುಗಳನ್ನು ಆಧರಿಸಿ ತೀರ್ಮಾನಿಸಿದಾಗ ಶೇ. 5 ಇರಬೇಕಿದ್ದ ಸುಳ್ಳು ಫಲಿತಾಂಶದ ಪ್ರಮಾಣ ಕೆಲವು ಸಂದರ್ಭಗಳಲ್ಲಿ ಶೇ. 70ರವರೆಗೆ ಏರಿತ್ತು. ಗದ್ದಲದ ಹೋಲಿಕೆ ದೂರಕ್ಕೆ ಹೋದಂತೆ ಗಾಸ್ ರೇಖೆಯಂತೆ ಇಳಿಯುತ್ತದೆಂದು ಆ ತಂತ್ರಾಂಶಗಳು ನಂಬಿದ್ದವು, ನಿಜದ ಗದ್ದಲಕ್ಕೆ ಉದ್ದನೆಯ ಬಾಲವಿತ್ತು. ಕ್ರಮಪಲ್ಲಟ ಪರೀಕ್ಷೆ ಬಹುತೇಕ ಕಡೆ ಸರಿಯಾಗಿಯೇ ನಿಂತಿತು.

2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು, ಒಂದೇ ಒಂಬತ್ತು ಊಹೆಗಳನ್ನು ಪರೀಕ್ಷಿಸಲು ಹೇಳಲಾಯಿತು. ಯಾವ ಎರಡು ತಂಡಗಳ ವಿಶ್ಲೇಷಣಾ ಕ್ರಮವೂ ಒಂದೇ ಆಗಿರಲಿಲ್ಲ, ತೀರ್ಮಾನಗಳೂ ಗಣನೀಯವಾಗಿ ಬೇರೆಯಾದವು. ವಿಶ್ಲೇಷಣೆಯ ಹಂತಗಳನ್ನು ಮೊದಲೇ ಬರೆದು ನೋಂದಾಯಿಸುವ ಪದ್ಧತಿಗೆ ಇದು ಒತ್ತು ಕೊಟ್ಟಿತು.

ಜೀವದ್ರವಗಳ ರೋಹಿತ

ರಕ್ತ, ಮೂತ್ರಗಳ ಎನ್‌ಎಂಆರ್ ರೋಹಿತವನ್ನು ಸಾಮಾನ್ಯವಾಗಿ 0.04 ಪಿಪಿಎಂನ ಪಟ್ಟಿಗಳಾಗಿ ಕತ್ತರಿಸಿ, ಪ್ರಧಾನ ಘಟಕಗಳ ವಿಶ್ಲೇಷಣೆಯಿಂದ ರೋಗಿಗಳನ್ನೂ ಆರೋಗ್ಯವಂತರನ್ನೂ ಬೇರ್ಪಡಿಸಲು ನೋಡುತ್ತಾರೆ. ಮೂತ್ರದಲ್ಲಿ ನೀರಿನ ಪ್ರಮಾಣ ದಿನದಿನಕ್ಕೂ ಬದಲಾಗುವುದರಿಂದ ಮೊದಲು ಸಮೀಕರಿಸಬೇಕು. ಭಾಗಶಃ ಕನಿಷ್ಠ ವರ್ಗಗಳ ವಿಧಾನ ಇಲ್ಲಿ ಜನಪ್ರಿಯ, ಅಷ್ಟೇ ಅಪಾಯಕಾರಿ. ನೂರಾರು ಪಟ್ಟಿಗಳೂ ಇಪ್ಪತ್ತು ಮೂವತ್ತು ಜನರೂ ಇದ್ದರೆ ಅದು ಯಾವ ಎರಡು ಗುಂಪುಗಳನ್ನಾದರೂ ಅಂದವಾಗಿ ಬೇರ್ಪಡಿಸಿ ತೋರಿಸುತ್ತದೆ. ಹೊಸ ಜನರ ಮೇಲೆ ಪರೀಕ್ಷಿಸದ ಇಂಥ ಚಿತ್ರವನ್ನು ಒಪ್ಪಬಾರದು.

ಚಿತ್ರ ಕಟ್ಟುವ ಹಂತ

ಇತ್ತೀಚಿನ ದಶಕಗಳಲ್ಲಿ ಸಂಖ್ಯಾಶಾಸ್ತ್ರ ಚಿತ್ರ ಬಂದ ಮೇಲಿನ ಕೆಲಸವಾಗಿ ಉಳಿದಿಲ್ಲ, ಚಿತ್ರ ಕಟ್ಟುವುದರೊಳಗೇ ಸೇರಿದೆ. 1999ರ ಸೆನ್ಸ್, 2002ರ ಗ್ರಪ್ಪಾ ಕ್ರಮಗಳು ಹಲವು ಸುರುಳಿಗಳ ನೆರವಿನಿಂದ ಕಡಿಮೆ ದತ್ತಾಂಶದಲ್ಲೇ ಚಿತ್ರ ಕಟ್ಟುತ್ತವೆ. ಲಸ್ಟಿಗ್, ಡೊನೊಹೊ, ಪಾಲಿ 2007ರಲ್ಲಿ ಎಂಆರ್‌ಐಗೆ ತಂದ ಸಂಕುಚಿತ ಸಂವೇದನೆ, ಚಿತ್ರವನ್ನು ಸರಿಯಾದ ಭಾಷೆಯಲ್ಲಿ ಬರೆದರೆ ಅದರ ಬಹುಪಾಲು ಅಂಕಿಗಳು ಸೊನ್ನೆಯೆಂಬ ತಿಳಿವನ್ನು ಬಳಸುತ್ತದೆ. ದೊಡ್ಡ ಯಾದೃಚ್ಛಿಕ ಮಾತೃಕೆಗಳ ಐಗನ್ ಮೌಲ್ಯಗಳ ಬಗ್ಗೆ ಮಾರ್ಚೆಂಕೊ ಮತ್ತು ಪಾಸ್ತೂರ್ 1967ರಲ್ಲಿ ಕೊಟ್ಟ ಪ್ರಮೇಯ ಅರ್ಧ ಶತಮಾನದ ನಂತರ ವಿಸರಣಾ ಚಿತ್ರಗಳ ಗದ್ದಲ ತೆಗೆಯಲು ಒದಗಿತು. ಆ ಪ್ರಮೇಯ ಹೇಳುವ ಹರವಿನೊಳಗೆ ಬೀಳುವ ಘಟಕಗಳು ಬರೀ ಗದ್ದಲ, ಅದರಾಚೆಗೆ ನಿಲ್ಲುವವು ಸಂಕೇತ. ಈಗ ಆಳಕಲಿಕೆಯ ಜಾಲಗಳು ಲಕ್ಷಾಂತರ ಹಳೆಯ ಚಿತ್ರಗಳಿಂದ ಕಲಿತು ಅರೆಬರೆ ದತ್ತಾಂಶವನ್ನು ತುಂಬುತ್ತಿವೆ.

ಈ ಎಲ್ಲ ಕ್ರಮಗಳಲ್ಲಿ ಗದ್ದಲ ಚಿತ್ರದ ಉದ್ದಗಲಕ್ಕೂ ಒಂದೇ ಸಮನಾಗಿರುವುದಿಲ್ಲ. ಸುರುಳಿಗಳಿಂದ ದೂರದ ನಡುಭಾಗದಲ್ಲಿ ಹೆಚ್ಚು, ಅಂಚಿನಲ್ಲಿ ಕಡಿಮೆ. ಒಂದು ಮೂಲೆಯ ಗಾಳಿಯಲ್ಲಿ ಅಳೆದ ಗದ್ದಲವನ್ನು ಇಡೀ ಚಿತ್ರಕ್ಕೆ ಹಚ್ಚುವ ಹಳೆಯ ರೂಢಿ ಇಲ್ಲಿ ನಡೆಯದು. ಜಾಲಗಳು ಕಟ್ಟಿದ ಚಿತ್ರದಲ್ಲಿ ಗಾಳಿಯ ಭಾಗ ಎಷ್ಟೋ ಸಲ ನುಣ್ಣಗೆ ಕಪ್ಪಾಗಿರುತ್ತದೆ, ಅಳೆಯಲು ಗದ್ದಲವೇ ಸಿಗುವುದಿಲ್ಲ. ಸುರುಳಿಗಳು ಮೊದಲು ಹಿಡಿದ ಕಚ್ಚಾ ದತ್ತಾಂಶವನ್ನು ಚಿತ್ರ ಕಟ್ಟಿದ ಮೇಲೆ ಬಹುತೇಕ ಆಸ್ಪತ್ರೆಗಳಲ್ಲಿ ಅಳಿಸುತ್ತಾರೆ, ಅದರ ಗಾತ್ರ ಅಷ್ಟು. ಪರಿಹಾರ ಸುಲಭದ್ದು: ಸ್ಕ್ಯಾನಿನ ಮೊದಲು ಅಥವಾ ಕೊನೆಗೆ, ರೋಗಿ ಒಳಗಿರುವಾಗಲೇ, ರೇಡಿಯೊ ಮಿಡಿತ ಕೊಡದೆ ಕೆಲವು ಸೆಕೆಂಡು ಬರೀ ಕೇಳಿಸಿಕೊಳ್ಳುವುದು. ಆ ದಾಖಲೆಯಲ್ಲಿ ಸಂಕೇತದ ಸುಳಿವಿಲ್ಲ, ಇರುವುದೆಲ್ಲ ಗದ್ದಲ. ಯಾವ ಸುರುಳಿಯಲ್ಲಿ ಎಷ್ಟು, ಯಾವ ಎರಡು ಸುರುಳಿಗಳ ನಡುವೆ ಎಷ್ಟು ಹೋಲಿಕೆ ಎಂಬ ಪೂರ್ತಿ ಮಾತೃಕೆ ಅದರಿಂದ ಸಿಗುತ್ತದೆ, ಕಡತವೂ ಚಿಕ್ಕದು. ಚಿತ್ರದ ಜೊತೆಗೆ ಅದನ್ನೂ, ಚಿತ್ರ ಕಟ್ಟಿದ ಕ್ರಮದ ವಿವರವನ್ನೂ ಉಳಿಸಿಟ್ಟರೆ ಹತ್ತು ವರ್ಷದ ಮೇಲೆ ಬೇರೊಬ್ಬರು ಆ ಚಿತ್ರದ ಚುಕ್ಕೆಗಳ ತಪ್ಪಿನ ಅಂಚನ್ನು ಅಂದಾಜು ಮಾಡಲು ನೆರವಾಗುತ್ತದೆ.